ಕಲ್ಲೊಳಗಿನ ಕಪ್ಪೆಯೂ ನಿರೀಕ್ಷಿತ ಉತ್ತರವೂ

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ಒಂದು ಅಂಕಣವಿದೆ. ಶಿಕ್ಷಕರು ಕೇಳುವ ಪ್ರತಿ ಪ್ರಶ್ನೆಯ ಎದುರಿಗೆ ‘ನಿರೀಕ್ಷಿತ ಉತ್ತರ’ವನ್ನು ಬರೆಯಬೇಕು. ಪ್ರಶಿಕ್ಷಣಾರ್ಥಿಗಳು ಹಿಂದಿನ ರಾತ್ರಿಯೇ ಕುಳಿತು ಇದನ್ನು ನೀಟಾಗಿ ತುಂಬುತ್ತಾರೆ. ಮಾರನೇ ದಿನ ತರಗತಿಯಲ್ಲಿ ಆ ಉತ್ತರ ಬಂದರೆ ‘ವೆರಿ ಗುಡ್, ಕೂತ್ಕೋ’ ಎನ್ನುತ್ತಾರೆ. ಬರದಿದ್ದರೆ ಬರುವವರೆಗೂ ಒಬ್ಬರಾದ ಮೇಲೆ ಒಬ್ಬರನ್ನು ಎಬ್ಬಿಸುತ್ತಾರೆ. ಕೊನೆಯ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕೂರುವ ನಮ್ಮಂಥವರಿಗೆ ಇದು ದಿನವೂ ಕಾಣುವ ನೋಟ. ಅಂಕಣ ಕೆಟ್ಟದ್ದೇನಲ್ಲ. ಮಕ್ಕಳು ಏನು ಹೇಳಬಹುದು ಎಂದು ಮೊದಲೇ ಯೋಚಿಸಿಕೊಂಡು ಹೋಗುವುದು ಒಳ್ಳೆಯ ಅಭ್ಯಾಸ. ಆದರೆ ಆ ಅಂಕಣದ ಹಿಂದೆ ಎರಡು ಊಹೆಗಳಿವೆ. ಮಕ್ಕಳ ತಲೆಯಲ್ಲಿ ಏನಿದೆ ಎಂದು ನನಗೆ ಗೊತ್ತು ಎಂಬುದು ಒಂದು. ವಿಷಯ ನನಗೆ ಪೂರ್ತಿ ಗೊತ್ತು ಎಂಬುದು ಇನ್ನೊಂದು. ಮೊದಲನೆಯ ಊಹೆಯನ್ನು ಮಕ್ಕಳೇ ಹತ್ತು ನಿಮಿಷದಲ್ಲಿ ಮುರಿಯುತ್ತಾರೆ. ಎರಡನೆಯದು ಮುರಿಯುವುದು ಕಷ್ಟ, ಏಕೆಂದರೆ ತರಗತಿಯಲ್ಲಿ ಅದನ್ನು ಪ್ರಶ್ನಿಸುವವರು ಯಾರೂ ಇರುವುದಿಲ್ಲ.

ಈ ಸಾಲಿನ ಅಭ್ಯಾಸ ಬೋಧನೆಗಾಗಿ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ಲಿನ ಶಾಲೆಗಳಿಗೆ ಓಡಾಡಿದಾಗ ಮೂರೂ ಕಡೆ ಒಂದೇ ಕತೆ ಬೇರೆ ಬೇರೆ ರೂಪದಲ್ಲಿ ಎದುರಾಯಿತು. ಅದು ಜಕಣಾಚಾರಿಯ ಕತೆ. ನಮ್ಮ ಜಿಲ್ಲೆಯವರಿಗೆ ಅದನ್ನು ಹೇಳಬೇಕಾಗಿಲ್ಲ. ಬೇರೆ ಜಿಲ್ಲೆಗಳಿಂದ ಬಂದು ಓದುತ್ತಿರುವವರಿಗಾಗಿ ಚುಟುಕಾಗಿ ಹೇಳುತ್ತೇನೆ.

ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಗೂಳೂರಿನ ಹತ್ತಿರ ಕೈದಾಳ ಎಂಬ ಊರಿದೆ. ಅದರ ಹಳೆಯ ಹೆಸರು ಕ್ರೀಡಾಪುರವಂತೆ. ಅಲ್ಲಿ ಹುಟ್ಟಿದ ಜಕಣಾಚಾರಿ ಹೆಂಡತಿಯನ್ನೂ ಊರನ್ನೂ ಬಿಟ್ಟು ಹೊರಟು ದೇಶದ ತುಂಬ ಗುಡಿಗಳನ್ನು ಕಟ್ಟಿದ. ಬೇಲೂರಿನಲ್ಲಿ ಚೆನ್ನಕೇಶವನ ವಿಗ್ರಹ ಮುಗಿಸಿ ನಿಂತಾಗ ಯಾರೋ ಒಬ್ಬ ಹುಡುಗ ಬಂದು, ಈ ಕಲ್ಲಿನಲ್ಲಿ ದೋಷವಿದೆ ಎಂದ. ದೋಷವಿದ್ದರೆ ನನ್ನ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣಾಚಾರಿ ಪಣ ತೊಟ್ಟ. ಹುಡುಗ ವಿಗ್ರಹಕ್ಕೆಲ್ಲ ಗಂಧ ಲೇಪಿಸಿದ. ಮೈಯೆಲ್ಲ ಒಣಗಿತು, ಹೊಕ್ಕುಳಿನ ಸುತ್ತ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟಾಗ ನೀರು, ಮರಳು, ಜೊತೆಗೆ ಒಂದು ಕಪ್ಪೆ ಹೊರಬಂತು. ಜಕಣಾಚಾರಿ ಕೈ ಕತ್ತರಿಸಿಕೊಂಡ. ಆ ಹುಡುಗ ತನ್ನ ಮಗ ಡಂಕಣನೇ ಎಂದು ಆಮೇಲೆ ತಿಳಿಯಿತು. ಊರಿಗೆ ಹಿಂದಿರುಗಿ ಚೆನ್ನಕೇಶವನ ಗುಡಿ ಕಟ್ಟಿಸಿದಾಗ ಹೋದ ಕೈ ಬಂತು. ಅದರಿಂದಲೇ ಊರಿಗೆ ಕೈದಾಳ ಎಂಬ ಹೆಸರು. 1964ರಲ್ಲಿ ಬಂದ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರ ಈ ಕತೆಯನ್ನು ಬಣ್ಣದಲ್ಲಿ ನಾಡಿನ ತುಂಬ ಹರಡಿತು. ಕಲ್ಲು ಕೆಲಸದವರಿಗೆ ಸರ್ಕಾರ ಕೊಡುವ ಪ್ರಶಸ್ತಿಯೂ ಅವನ ಹೆಸರಿನಲ್ಲೇ ಇದೆ.

ಕುಣಿಗಲ್ ಪಟ್ಟಣದ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಎಂಟನೇ ತರಗತಿಗೆ ಹೊಯ್ಸಳರ ಪಾಠ ಮಾಡುತ್ತಿದ್ದರು. ಪೀಠಿಕೆ ಚೆನ್ನಾಗಿತ್ತು, ಭೂಪಟ ಚೆನ್ನಾಗಿತ್ತು. ‘ಬೇಲೂರಿನ ದೇವಾಲಯವನ್ನು ಕೆತ್ತಿದವರು ಯಾರು?’ ಎಂದು ಕೇಳಿದರು. ಇಡೀ ತರಗತಿ ಒಂದೇ ದನಿಯಲ್ಲಿ ‘ಜಕಣಾಚಾರಿ’ ಎಂದಿತು. ಅವರು ಇದನ್ನೇ ನಿರೀಕ್ಷಿಸಿದ್ದರು, ಯೋಜನೆಯಲ್ಲಿ ಹಾಗೆಯೇ ಬರೆದುಕೊಂಡಿದ್ದರು. ಕೂಡಲೇ, ‘ತಪ್ಪು. ಜಕಣಾಚಾರಿ ಅನ್ನುವವರು ಇರಲೇ ಇಲ್ಲ. ಅದು ಕಟ್ಟುಕತೆ. ಓದಿದವರು ಇಂಥದ್ದನ್ನೆಲ್ಲ ನಂಬಬಾರದು’ ಎಂದರು.

ಕಿಟಕಿ ಪಕ್ಕದ ಹುಡುಗನೊಬ್ಬ ಎದ್ದು ನಿಂತ. ‘ಸಾರ್, ನಮ್ಮನೇಲಿ ಅವರ ಫೋಟೋ ಐತೆ. ಜನವರಿ ಒಂದನೇ ತಾರೀಕು ಹೂವ ಹಾಕಿ ಪೂಜೆ ಮಾಡ್ತೀವಿ.’

ಹುಡುಗರು ನಕ್ಕರು. ‘ಫೋಟೋ ಇದ್ದರೆ ಇದ್ದರು ಅಂತ ಅರ್ಥ ಅಲ್ಲ, ಕೂತ್ಕೋ’ ಎಂದು ಹೇಳಿ ಪ್ರಶಿಕ್ಷಣಾರ್ಥಿ ಮುಂದಿನ ಅಂಶಕ್ಕೆ ಹೋದರು. ಹುಡುಗ ಕೂತ. ಉಳಿದ ಇಪ್ಪತ್ತು ನಿಮಿಷ ಅವನ ನೋಟ್ ಪುಸ್ತಕ ಮುಚ್ಚಿಯೇ ಇತ್ತು. ಅವನ ತಂದೆ ಕಲ್ಲು ಕೆಲಸದವರು ಎಂದು ಆಮೇಲೆ ಆ ಶಾಲೆಯ ಶಿಕ್ಷಕರು ಹೇಳಿದರು.

ಸಮಯ ಪಾಲನೆ, ಕಪ್ಪು ಹಲಗೆಯ ಬಳಕೆ, ಧ್ವನಿ, ಇವಕ್ಕೆಲ್ಲ ಆ ಪಾಠಕ್ಕೆ ಒಳ್ಳೆಯ ಅಂಕಗಳೇ ಸಿಗಬೇಕು, ಸಿಕ್ಕವು. ನಮ್ಮ ವೀಕ್ಷಣಾ ನಮೂನೆಯಲ್ಲಿ ಮುಚ್ಚಿದ ನೋಟ್ ಪುಸ್ತಕಕ್ಕೆ ಅಂಕಣವಿಲ್ಲ.

ಪಾಠ ಮುಗಿದ ಮೇಲೆ ವರಾಂಡದಲ್ಲಿ ಟೀ ಕುಡಿಯುತ್ತಾ ಕೇಳಿದೆ: ‘ಜಕಣಾಚಾರಿ ಇರಲೇ ಇಲ್ಲ ಅಂತ ನಿಮಗೆ ಹೇಗೆ ಗೊತ್ತಾಯಿತು?’

‘ಮೊಬೈಲಲ್ಲಿ ಒಂದು ಲೇಖನ ಓದಿದೆ ಸರ್.’

‘ಅದರಲ್ಲಿ ಏನು ಆಧಾರ ಕೊಟ್ಟಿದ್ದರು?’

‘ಶಾಸನಗಳಲ್ಲಿ ಅವರ ಹೆಸರಿಲ್ಲ ಅಂತ ಸರ್.’

‘ಯಾವ ಶಾಸನ?’

ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಇವರು ಸೋಮಾರಿಯಲ್ಲ, ಮೂಢನಂಬಿಕೆ ಹೋಗಬೇಕು ಎಂಬ ಕಳಕಳಿ ಇರುವವರು. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ: ಹುಡುಗನ ಆಧಾರ ಗೋಡೆಯ ಮೇಲಿನ ಫೋಟೋ, ನಿಮ್ಮ ಆಧಾರ ಮೊಬೈಲಿನ ಮೇಲಿನ ಲೇಖನ. ಇಬ್ಬರೂ ನಂಬಿದ್ದೀರಿ, ಇಬ್ಬರೂ ಹೋಗಿ ನೋಡಿಲ್ಲ. ನಂಬಿಕೆಯನ್ನು ಪ್ರಶ್ನಿಸುವುದು ಎಂದರೆ ಅದರ ಜಾಗದಲ್ಲಿ ಅದರ ವಿರುದ್ಧದ ನಂಬಿಕೆಯನ್ನು ತಂದು ಕೂರಿಸುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಬಿ.ಇಡಿ. ಓದುವವರಿಗೆ ಜಾನ್ ಡ್ಯೂಯಿ ಹೆಸರು ಪರೀಕ್ಷೆಗೆ ಬೇಕಾಗುತ್ತದೆ. ಚಿಂತನೆಗೆ ಬೇಕಾದ ಮನೋಭಾವಗಳಲ್ಲಿ ತೆರೆದ ಮನಸ್ಸು ಒಂದು ಎಂದು ಅವರು ಹೇಳಿದ್ದನ್ನು ಐದು ಅಂಕದ ಪ್ರಶ್ನೆಗೆ ಬರೆಯುತ್ತೇವೆ. ತರಗತಿಯಲ್ಲಿ ಅದು ಹೇಗಿರುತ್ತದೆ ಎಂಬುದಕ್ಕೆ ಜಕಣಾಚಾರಿಗಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಸಿಗಲಾರದು.

ಈಗ ಶಾಸನಗಳ ವಿಷಯ. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಆಯಿತು. ಅಲ್ಲಿಯ ಕೆಲವು ಶಿಲ್ಪಗಳ ಕೆಳಗೆ ಕೆತ್ತಿದವರು ತಮ್ಮ ಹೆಸರನ್ನು ಬರೆದಿದ್ದಾರೆ. ಹೊಯ್ಸಳ ಶಿಲ್ಪಿಗಳ ವಿಶೇಷವೇ ಇದು, ಭಾರತದ ಬೇರೆ ಕಡೆ ಇಷ್ಟು ಸಹಿಗಳು ಸಿಗುವುದು ಅಪರೂಪ. ಆ ಹೆಸರುಗಳಲ್ಲಿ ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಮದನಿಕೆಯರಲ್ಲಿ ಕೆಲವರು ಈ ಅಪ್ಪ–ಮಗನ ಕೈಯಿಂದ ಬಂದವರು. ಬಳ್ಳಿಗಾವೆ ಈಗ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಜಕಣ ಎಂಬ ಹೆಸರು ಬೇಲೂರಿನ ಆ ಸಹಿಗಳಲ್ಲಿ ಇಲ್ಲ. ಅಷ್ಟರಮಟ್ಟಿಗೆ ಪ್ರಶಿಕ್ಷಣಾರ್ಥಿ ಓದಿದ ಲೇಖನ ಸರಿ.

ಆದರೆ ಸಹಿ ಇಲ್ಲ ಎಂಬುದರಿಂದ ಎಷ್ಟು ಹೇಳಬಹುದು? ಬೇಲೂರಿನಲ್ಲಿ ಸಹಿ ಇರುವ ಶಿಲ್ಪಗಳಿಗಿಂತ ಸಹಿ ಇಲ್ಲದವೇ ಎಷ್ಟೋ ಪಾಲು ಹೆಚ್ಚು. ಅವನ್ನು ಕೆತ್ತಿದವರೂ ಇದ್ದರಲ್ಲ! ‘ಜಕಣಾಚಾರಿ ಬೇಲೂರನ್ನು ಕೆತ್ತಿದ ಎನ್ನುವುದಕ್ಕೆ ಅಲ್ಲಿಯ ಶಾಸನಗಳಲ್ಲಿ ಆಧಾರವಿಲ್ಲ’ ಎಂದರೆ ಸರಿ. ‘ಜಕಣಾಚಾರಿ ಇರಲೇ ಇಲ್ಲ’ ಎಂದರೆ ಆಧಾರಕ್ಕಿಂತ ಮಾತು ದೊಡ್ಡದಾಯಿತು. ಇನ್ನೊಂದು ಕಡೆಯಿಂದಲೂ ನೋಡಬೇಕು. ಜನರ ಬಾಯಲ್ಲಿ ಕರ್ನಾಟಕದ ಸುಂದರವಾದ ಗುಡಿಗಳೆಲ್ಲ ಅವನವೇ. ಬೇಲೂರಿನದು 1117, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ 1246. ನಡುವೆ ನೂರ ಇಪ್ಪತ್ತೊಂಬತ್ತು ವರ್ಷ. ಒಬ್ಬನೇ ಮನುಷ್ಯ ಎರಡನ್ನೂ ಕಟ್ಟಿರಲಾರ ಎಂದು ಎಂಟನೇ ತರಗತಿಯ ಮಗು ಕಳೆಯುವ ಲೆಕ್ಕದಿಂದಲೇ ಹೇಳಬಲ್ಲದು. ನುಗ್ಗೇಹಳ್ಳಿಯಲ್ಲಿ ಮಲ್ಲಿತಮ್ಮನ ಸಹಿ ಬೇರೆ ಇದೆ. ಜಕಣಾಚಾರಿ ಎಂಬುದು ‘ದಕ್ಷಿಣಾಚಾರ್ಯ’ ಎಂಬ ಮಾತು ಸವೆದು ಬಂದಿರಬಹುದು, ಅದು ಒಬ್ಬನ ಹೆಸರಲ್ಲ, ಒಂದು ಶೈಲಿಯವರ ಹೆಸರು ಎಂಬ ಊಹೆಯೂ ವಿದ್ವಾಂಸರಲ್ಲಿದೆ. ಊಹೆ ಎಂದೇ ಅದನ್ನು ಮಕ್ಕಳಿಗೆ ಹೇಳಬೇಕು.

ಕೈದಾಳಕ್ಕೇ ಬರೋಣ. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯ ಶಾಸನಗಳದು. ಇತಿಹಾಸ ಬೋಧಿಸುವ ಪ್ರಶಿಕ್ಷಣಾರ್ಥಿಗಳು ಒಮ್ಮೆಯಾದರೂ ಅದನ್ನು ಕೈಯಲ್ಲಿ ಹಿಡಿದು ನೋಡಬೇಕು. ಕೈದಾಳದಲ್ಲಿ ಗುಡಿಗಳನ್ನು ಕಟ್ಟಿಸಿದವನು ಹೊಯ್ಸಳ ಒಂದನೇ ನರಸಿಂಹನ ಸಾಮಂತ ಗೂಳಿ ಬಾಚಿ, ಕಾಲ 1150–51. ಶಿವ, ವಿಷ್ಣು ಗುಡಿಗಳ ಜೊತೆಗೆ ಒಂದು ಜಿನಾಲಯವನ್ನೂ ಅವನು ಕಟ್ಟಿಸಿದ. ಒಬ್ಬನೇ ಮನುಷ್ಯ ಮೂರು ಮತದ ಗುಡಿ ಕಟ್ಟಿಸಿದ್ದು ನನಗೆ ಕೈ ಮರಳಿ ಬಂದಷ್ಟೇ ಆಶ್ಚರ್ಯದ ಸಂಗತಿ. ಆದರೆ ಅದನ್ನು ಊರಲ್ಲಿ ಯಾರೂ ಕತೆ ಮಾಡಿ ಹೇಳುವುದಿಲ್ಲ.

ಇಲ್ಲಿ ಒಂದು ಪದದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ದಾಸೋಜ, ನಾಗೋಜ, ಬೈಚೋಜ ಎಂಬ ಶಿಲ್ಪಿಗಳ ಹೆಸರಿನ ಕೊನೆಯ ‘ಓಜ’ ಎಂಬುದು ‘ಉಪಾಧ್ಯಾಯ’ ಎಂಬುದರ ತದ್ಭವ. ‘ಆಚಾರಿ’ ಎಂಬುದು ‘ಆಚಾರ್ಯ’ದಿಂದ ಬಂದದ್ದು. ಎರಡರ ಅರ್ಥವೂ ಕಲಿಸುವವನು ಎಂದೇ. ನಮ್ಮ ಕಾಲೇಜಿನ ಬೋರ್ಡಿನಲ್ಲಿ ‘ಶಿಕ್ಷಣ’ ಎಂದು ಬರೆದುಕೊಂಡಿರುವ ನಾವು, ಉಳಿ ಹಿಡಿದವರನ್ನು ನಾಡು ಮೇಷ್ಟ್ರೆಂದು ಕರೆಯುತ್ತಿತ್ತು ಎಂಬುದನ್ನು ಮರೆತಿದ್ದೇವೆ. ಆ ಕಿಟಕಿ ಪಕ್ಕದ ಹುಡುಗನಿಗೆ ಹೇಳಬಹುದಾಗಿದ್ದ ಮೊದಲ ಮಾತು ಬಹುಶಃ ಇದೇ.

ಗುಬ್ಬಿಯಲ್ಲಿ ಇದೇ ಕತೆ ವಿಜ್ಞಾನದ ಪಾಠಕ್ಕೆ ನುಗ್ಗಿತು. ಪುರಾಣ ಕೇಳಲು ಬರುತ್ತಿದ್ದ ಗುಬ್ಬಚ್ಚಿಗಳಿಂದ ತಮ್ಮ ಊರಿಗೆ ಹೆಸರು ಬಂತು ಎಂದು ಹೇಳುವ ಮಕ್ಕಳು ಅವರು. ಕತೆ ಅವರಿಗೆ ಹೊಸದಲ್ಲ. ಪ್ರಶಿಕ್ಷಣಾರ್ಥಿ ಉಭಯವಾಸಿಗಳ ಬಗ್ಗೆ ಹೇಳುತ್ತಾ, ಕಪ್ಪೆ ತೇವವಾದ ಚರ್ಮದ ಮೂಲಕವೂ ಉಸಿರಾಡುತ್ತದೆ ಎಂದರು. ಒಬ್ಬ ಹುಡುಗ ಕೇಳಿದ: ‘ಹಂಗಾದ್ರೆ ಬೇಲೂರಲ್ಲಿ ಕಲ್ಲೊಳಗೆ ಇತ್ತಲ್ಲ ಮಿಸ್, ಅದು ಹೆಂಗೆ ಬದುಕಿತ್ತು?’

ಆಕೆ ಒಂದು ಕ್ಷಣ ತಡೆದರು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ, ‘ಮಿಸ್, ನಮ್ಮ ಕೆರೆ ಒಣಗಿದಾಗ ಹೂಳು ತೆಗೀತಿದ್ರು. ಮಣ್ಣೊಳಗೆ ಕಪ್ಪೆ ಸಿಕ್ತು. ಜೀವ ಇತ್ತು’ ಎಂದಳು.

ಈ ಪ್ರಶಿಕ್ಷಣಾರ್ಥಿ ‘ಸರಿ, ತಪ್ಪು’ ಎನ್ನಲಿಲ್ಲ. ‘ಎಷ್ಟು ಆಳದಲ್ಲಿ? ಮಣ್ಣು ಒದ್ದೆ ಇತ್ತಾ, ಒಣಗಿತ್ತಾ? ನೀನೇ ನೋಡಿದ್ಯಾ, ಯಾರಾದ್ರೂ ಹೇಳಿದ್ರಾ?’ ಎಂದು ಮೂರು ಪ್ರಶ್ನೆ ಕೇಳಿದರು. ಮೊಣಕಾಲಿನಷ್ಟು ಆಳ, ಮೇಲೆ ಬಿರುಕು, ಒಳಗೆ ತಂಪು, ತಾನೇ ನೋಡಿದ್ದು ಎಂದು ಹುಡುಗಿ ಹೇಳಿದಳು. ವೀಕ್ಷಣಾ ಪುಸ್ತಕದಲ್ಲಿ ನಾನು ಆ ದಿನ ಅಡಿಗೆರೆ ಎಳೆದದ್ದು ಆ ಮೂರು ಪ್ರಶ್ನೆಗಳಿಗೆ. ಆಕೆ ಅಲ್ಲಿಂದ ಗ್ರೀಷ್ಮನಿದ್ರೆಗೆ ಹೋದರು. ನಮ್ಮ ಬಯಲುಸೀಮೆಯಲ್ಲಿ ಕೆಲವು ಜಾತಿಯ ಕಪ್ಪೆಗಳು ಬೇಸಿಗೆಯನ್ನು ಮಣ್ಣಿನಲ್ಲಿ ಹೂತುಕೊಂಡೇ ಕಳೆದು ಮಳೆ ಬಿದ್ದಾಗ ಹೊರಬರುತ್ತವೆ ಎಂದು ವಿವರಿಸಿದರು. ಮಣ್ಣಿಗೂ ಕಲ್ಲಿಗೂ ಇರುವ ವ್ಯತ್ಯಾಸವೇನು ಎಂಬುದನ್ನು ಮನೆಗೆಲಸಕ್ಕೆ ಕೊಟ್ಟರು.

ಕಲ್ಲೊಳಗೆ ಕಪ್ಪೆ ಎಂಬುದು ನಮ್ಮ ಕತೆ ಮಾತ್ರವಲ್ಲ. ಯುರೋಪಿನ ಕಲ್ಲುಗಣಿಗಳಲ್ಲೂ ಇಂಥ ಸುದ್ದಿಗಳು ನೂರಾರು ವರ್ಷ ಹರಿದಾಡಿದವು. ಓದಿದವರಲ್ಲಿ ಕೆಲವರು ನಂಬಿದರು, ಕೆಲವರು ನಕ್ಕರು. ಆಕ್ಸ್‌ಫರ್ಡಿನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಎರಡನ್ನೂ ಮಾಡಲಿಲ್ಲ. 1825ರ ನವೆಂಬರಿನಲ್ಲಿ ಎರಡು ಬಂಡೆ ತರಿಸಿದ. ಒಂದು ಗಾಳಿ, ನೀರು ತೂರುವಂಥ ಸುಣ್ಣಕಲ್ಲು, ಇನ್ನೊಂದು ಗಟ್ಟಿ ಮರಳುಗಲ್ಲು. ಒಂದೊಂದರಲ್ಲೂ ಹನ್ನೆರಡು ಗುಳಿ ಕೊರೆಸಿ, ಗುಳಿಗೊಂದು ನೆಲಗಪ್ಪೆ ಇಟ್ಟು, ಗಾಜು ಮುಚ್ಚಿ, ಅಂಟಿಸಿ, ತೋಟದಲ್ಲಿ ಮೂರಡಿ ಆಳಕ್ಕೆ ಹೂತ. 1826ರ ಡಿಸೆಂಬರಿನಲ್ಲಿ ತೆಗೆದು ನೋಡಿದರೆ ಗಟ್ಟಿ ಮರಳುಗಲ್ಲಿನಲ್ಲಿದ್ದವೆಲ್ಲ ಸತ್ತಿದ್ದವು. ಸುಣ್ಣಕಲ್ಲಿನಲ್ಲಿ ಸಣ್ಣವು ಸತ್ತು, ದೊಡ್ಡವುಗಳಲ್ಲಿ ಹೆಚ್ಚಿನವು ಬದುಕಿದ್ದವು! ಅವನ್ನು ಮತ್ತೆ ಹೂತ. ಎರಡನೇ ವರ್ಷ ಮುಗಿಯುವುದರೊಳಗೆ ಅವೂ ಸತ್ತವು. ಕ್ರೂರ ಪ್ರಯೋಗ, ಇವತ್ತು ಯಾವ ಶಾಲೆಯೂ ಮಾಡಬಾರದು, ಮಾಡುವಂತಿಲ್ಲ. ಆದರೆ ಅದರ ಫಲಿತಾಂಶ ನೋಡಿ: ನಂಬಿದವರು ಹೇಳಿದ್ದೂ ಆಗಲಿಲ್ಲ, ನಕ್ಕವರು ಹೇಳಿದ್ದೂ ಪೂರ್ತಿ ಆಗಲಿಲ್ಲ. ಒಂದು ವರ್ಷ ಬದುಕಿದ್ದು ನಕ್ಕವರಿಗೆ ಪೆಟ್ಟು, ಎರಡನೇ ವರ್ಷ ಸತ್ತದ್ದು ನಂಬಿದವರಿಗೆ ಪೆಟ್ಟು.

ಬೇಲೂರಿನದು ಬಳಪದ ಕಲ್ಲು. ನಮ್ಮ ಭಾಗದ ಇಂಥ ಕಲ್ಲುಗಳು ಭೂಮಿಯ ಆಳದಲ್ಲಿ ಶಾಖ, ಒತ್ತಡಗಳಿಗೆ ಸಿಕ್ಕಿ ರೂಪುಗೊಂಡು 250 ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಕಪ್ಪೆಯ ವಂಶಕ್ಕೆ ಸುಮಾರು 25 ಕೋಟಿ ವರ್ಷ. ಕಲ್ಲು ಆಗುವಾಗಲೇ ಕಪ್ಪೆ ಒಳಗೆ ಸಿಕ್ಕಿಕೊಂಡಿತು ಎನ್ನುವ ಹಾಗಿಲ್ಲ. ಬಿರುಕಿನಲ್ಲಿ ನುಸುಳಿದ ಮರಿಕಪ್ಪೆ ಒಳಗಿನ ಪೊಳ್ಳಿನಲ್ಲಿ ಸ್ವಲ್ಪ ಕಾಲ ಇರಬಹುದು, ಅಷ್ಟೇ.

ಶನಿವಾರ ತುಮಕೂರಿನಲ್ಲಿ ಕಾಲೇಜಿನ ವಿಮರ್ಶಾ ಸಭೆಯಲ್ಲಿ ಕುಣಿಗಲ್ಲಿನ ಪಾಠವನ್ನೂ ಗುಬ್ಬಿಯ ಪಾಠವನ್ನೂ ಒಟ್ಟಿಗೆ ಚರ್ಚೆಗಿಟ್ಟೆವು. ಒಬ್ಬರು ಎದ್ದು, ‘ಎಲ್ಲದಕ್ಕೂ ಹೀಗೆ ಹೇಗೆ ಗೊತ್ತು, ಹೇಗೆ ಗೊತ್ತು ಅಂತ ಹೋದರೆ ನಲವತ್ತು ನಿಮಿಷದಲ್ಲಿ ಪಾಠ ಮುಗಿಯುವುದು ಹೇಗೆ ಸರ್?’ ಎಂದರು. ನ್ಯಾಯವಾದ ಪ್ರಶ್ನೆ. ಮುಗಿಯುವುದಿಲ್ಲ. ಒಂದು ಘಟಕಕ್ಕೆ ಒಂದು ಪ್ರಶ್ನೆಯನ್ನು ಹೀಗೆ ಬಿಚ್ಚಿದರೆ ಸಾಕು, ಉಳಿದದ್ದನ್ನು ಸಾಮಾನ್ಯ ರೀತಿಯಲ್ಲೇ ಮಾಡಿ ಎಂದೆ. ಈಗಲೂ ಅದೇ ನನ್ನ ಅಭಿಪ್ರಾಯ. ಎಲ್ಲವನ್ನೂ ಅನುಮಾನಿಸುವ ಮೇಷ್ಟರ ತರಗತಿಯಲ್ಲಿ ಮಕ್ಕಳು ಕಲಿಯುವುದು ಅನುಮಾನವನ್ನಲ್ಲ, ಬೇಸರವನ್ನು.

ಇನ್ನೊಬ್ಬರು ಕೇಳಿದ್ದು ಇದಕ್ಕಿಂತ ಕಷ್ಟದ್ದು: ‘ಕೈ ಮರಳಿ ಬಂದದ್ದು ನಿಜವಾ ಅಂತ ಮಗು ಕೇಳಿದರೆ ಏನು ಹೇಳಬೇಕು?’ ಸಭೆ ಎರಡು ಪಾಲಾಯಿತು. ಸಂವಿಧಾನದ 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವ ನಾಗರಿಕರ ಮೂಲಭೂತ ಕರ್ತವ್ಯವೆಂದು ಸೇರಿದ್ದು 1976ರಲ್ಲಿ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಒಂದು ಪಾಲು ಇದನ್ನು ಎತ್ತಿ ಹಿಡಿದು, ‘ಸುಳ್ಳು ಎಂದು ನೇರವಾಗಿ ಹೇಳಬೇಕು’ ಎಂದಿತು. ಇನ್ನೊಂದು ಪಾಲು, ‘ಜನರ ಭಾವನೆಯ ವಿಷಯ, ಮೇಷ್ಟ್ರು ಬಾಯಿ ಹಾಕಬಾರದು’ ಎಂದಿತು. ನಾನು ನರಸಿಂಹಯ್ಯನವರ ಪಕ್ಷದವನು. ಮನುಷ್ಯನ ಕತ್ತರಿಸಿದ ಕೈ ಮತ್ತೆ ಬೆಳೆಯುವುದಿಲ್ಲ ಎಂದು, ಮಗು ಕೇಳಿದರೆ, ನೇರವಾಗಿಯೇ ಹೇಳಬೇಕು. ಆದರೆ ನರಸಿಂಹಯ್ಯನವರು ಪ್ರಶ್ನೆ ಕೇಳಿದ್ದು ದೊಡ್ಡವರನ್ನು, ಪವಾಡ ಮಾಡುತ್ತೇವೆ ಎಂದು ಎಲ್ಲರೆದುರು ಹೇಳಿಕೊಂಡವರನ್ನು. ಹದಿಮೂರು ವರ್ಷದ ಹುಡುಗ ಅಂಥದ್ದೇನೂ ಹೇಳಿಕೊಂಡಿಲ್ಲ. ಮನೆಯಲ್ಲಿ ಫೋಟೋ ಇದೆ ಎಂದಷ್ಟೇ ಹೇಳಿದ. ಅವನ ಮನೆಯ ಗೋಡೆಯಿಂದ ಪ್ರಶ್ನೆ ಆರಂಭಿಸುವುದಕ್ಕಿಂತ ಮೊದಲು ನಮ್ಮ ಪಾಠ ಯೋಜನೆಯಿಂದ ಆರಂಭಿಸಬೇಕು.

ಆ ಸಭೆಯಲ್ಲೇ ಗುಬ್ಬಿಯ ಪ್ರಶಿಕ್ಷಣಾರ್ಥಿ ಹೇಳಿದ ಒಂದು ಮಾತಿನಿಂದ ನಾನು ಆ ಕತೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ‘ಸರ್, ಆ ಕತೆಯಲ್ಲೇ ಪ್ರಯೋಗ ಇದೆಯಲ್ಲ’ ಎಂದರು ಆಕೆ. ಹೌದು. ಹೆಸರಾಂತ ಶಿಲ್ಪಿ ಆರಿಸಿದ ಕಲ್ಲು, ಅದರಲ್ಲಿ ದೋಷವಿರಲು ಸಾಧ್ಯವೇ ಇಲ್ಲ ಎಂಬುದು ಅಲ್ಲಿದ್ದ ಎಲ್ಲರ ಊಹೆ. ಊರು ಪೇರು ಗೊತ್ತಿಲ್ಲದ ಹುಡುಗ ಅದನ್ನು ಪ್ರಶ್ನಿಸುತ್ತಾನೆ. ಪ್ರಶ್ನಿಸಿ ಸುಮ್ಮನಾಗುವುದಿಲ್ಲ, ಬೈಯುವುದೂ ಇಲ್ಲ, ಎಲ್ಲರೂ ಕಣ್ಣಾರೆ ನೋಡಬಹುದಾದ ಒಂದು ಪರೀಕ್ಷೆ ಸೂಚಿಸುತ್ತಾನೆ. ಒಳಗೆ ತೇವವಿದ್ದರೆ ಮೇಲಿನ ಗಂಧ ಒಣಗಬಾರದು. ಇದು ಊಹೆ, ಪರೀಕ್ಷೆ, ಫಲಿತಾಂಶ ಎಂದು ನಾವು ವಿಜ್ಞಾನ ಬೋಧನಾ ಪದ್ಧತಿಯಲ್ಲಿ ಬರೆಸುವ ಕ್ರಮವೇ. ಗುರುವಿನ ಕಡೆಯಿಂದ ನೋಡಿದರೂ ಪಾಠವಿದೆ. ಜಕಣಾಚಾರಿ ಪರೀಕ್ಷೆಗೆ ಒಪ್ಪಿದ, ಫಲಿತಾಂಶವನ್ನೂ ಒಪ್ಪಿದ. ಆದರೆ ‘ನೋಡೋಣ’ ಎನ್ನುವ ಬದಲು ಕೈಯನ್ನೇ ಪಣಕ್ಕಿಟ್ಟ. ಕೈ ಹೋಗಲು ಕಾರಣ ಕಲ್ಲಿನ ದೋಷವಲ್ಲ, ಪಣ. ಇದನ್ನು ಬರೆಯುವಾಗ ಕುಣಿಗಲ್ಲಿನ ತರಗತಿಯ ‘ತಪ್ಪು, ಕಟ್ಟುಕತೆ’ ಎಂಬ ಮಾತು ನೆನಪಾಗುತ್ತದೆ. ಕಟ್ಟುಕತೆ ಎಂದು ಪಕ್ಕಕ್ಕಿಟ್ಟಿದ್ದರೆ ಅದರೊಳಗಿನ ಗಂಧದ ಪರೀಕ್ಷೆಯೂ ಕತೆಯ ಜೊತೆಗೇ ಹೋಗುತ್ತಿತ್ತು.

ಕುಣಿಗಲ್ಲಿನ ಪ್ರಶಿಕ್ಷಣಾರ್ಥಿ ಹತ್ತು ದಿನದ ನಂತರ ಅದೇ ತರಗತಿಗೆ ಮತ್ತೊಂದು ಪಾಠ ತೆಗೆದುಕೊಂಡರು. ಇದಕ್ಕೆ ಅಂಕವಿರಲಿಲ್ಲ, ಅವರೇ ಕೇಳಿಕೊಂಡದ್ದು. ಬೇಲೂರಿನ ಮದನಿಕೆಯ ದೊಡ್ಡ ಚಿತ್ರ ತೂಗುಹಾಕಿ, ಹಲಗೆಯ ಮೇಲೆ ‘ದಾಸೋಜ’, ‘ಚಾವಣ’ ಎಂದು ಬರೆದು, ಅವರು ಅಪ್ಪ–ಮಗ ಎಂದು ಹೇಳಿದರು. ‘ಜಕಣಾಚಾರಿ ಕತೆಯಲ್ಲೂ ಅಪ್ಪ–ಮಗ ಇದಾರೆ ಸಾರ್’ ಎಂದು ಎರಡು ಮೂರು ಕಡೆಯಿಂದ ದನಿ ಬಂತು. ಪ್ರಶಿಕ್ಷಣಾರ್ಥಿ ಅದಕ್ಕೆ ಹೌದು ಎಂದೂ ಇಲ್ಲ ಎಂದೂ ಹೇಳದೆ ಹಲಗೆಯ ಒಂದು ಬದಿಗೆ ಬರೆದುಕೊಂಡರು. ‘ಓಜ’, ‘ಆಚಾರಿ’ ಎಂದರೆ ಏನು ಎಂದು ಹೇಳಿದರು. ಆಮೇಲೆ ಕೈದಾಳದ ಗೂಳಿ ಬಾಚಿಯ ಹೆಸರು ಬರೆದು, ‘ಕಟ್ಟಿಸಿದವನ ಹೆಸರು ಸಿಕ್ಕಿದೆ. ಕೆತ್ತಿದವನ ಹೆಸರು ಯಾಕೆ ಸಿಕ್ಕಿಲ್ಲ?’ ಎಂದು ಕೇಳಿದರು. ಅವರ ಯೋಜನೆಯಲ್ಲಿ ಎದುರಿನ ಅಂಕಣದಲ್ಲಿ ಬರೆದಿದ್ದ ಉತ್ತರ ‘ಶಾಸನ ಒಡೆದು ಹೋಗಿರಬಹುದು’ ಎಂದು.

ಕಿಟಕಿ ಪಕ್ಕದ ಹುಡುಗ ಈ ಸಲ ಕೂತಲ್ಲಿಂದಲೇ ಹೇಳಿದ. ‘ನಮ್ಮಪ್ಪ ಮಾಡಿದ ವಿಗ್ರಹದಲ್ಲೂ ನಮ್ಮಪ್ಪನ ಹೆಸರು ಇರಲ್ಲ ಸಾರ್. ದುಡ್ಡು ಕೊಟ್ಟವರ ಹೆಸರು ಕೆತ್ತುಸ್ತಾರೆ. ಅದನ್ನೂ ನಮ್ಮಪ್ಪನೇ ಕೆತ್ತೋದು.’

ತರಗತಿ ನಗಲಿಲ್ಲ. ಎಂಟು ಶತಮಾನದ ಶಾಸನಗಳ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಇಷ್ಟು ಸರಳವಾಗಿ ಇದನ್ನು ಯಾರೂ ಹೇಳಿಲ್ಲ. ಪ್ರಶಿಕ್ಷಣಾರ್ಥಿ ತಮ್ಮ ಉತ್ತರವನ್ನು ಬರೆಯದೆ ಹುಡುಗನ ಮಾತನ್ನು ಅವನ ಹೆಸರಿನೊಂದಿಗೆ ಹಲಗೆಯ ಮೇಲೆ ಬರೆದರು. ಒಬ್ಬ ಹುಡುಗಿ, ‘ಹಂಗಾದ್ರೆ ದಾಸೋಜ ಮಾತ್ರ ಯಾಕೆ ಹೆಸರು ಹಾಕ್ಕೊಂಡ? ಅವನಿಗೆ ಯಾರು ಬಿಟ್ಟರು?’ ಎಂದಳು. ಗಂಟೆ ಹೊಡೆಯಿತು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರಬಂಧ ಸ್ಪರ್ಧೆಗಳಿಗೆ ಹೊಯ್ಸಳರ ವಿಷಯ ಕೊಡುವುದು ಹೆಚ್ಚಾಗಿದೆ. ಈ ಹುಡುಗಿಯ ಪ್ರಶ್ನೆಯನ್ನೇ ಒಂದು ಸಲ ಕೊಟ್ಟು ನೋಡಬಹುದು.

ಶಾಲೆಯ ಮುಖ್ಯ ಶಿಕ್ಷಕರು ಒಪ್ಪಿದ್ದರಿಂದ ಮುಂದಿನ ವಾರ ಆ ತರಗತಿಯನ್ನು ಕೈದಾಳಕ್ಕೆ ಕರೆದುಕೊಂಡು ಹೋದರು, ನಾನೂ ತುಮಕೂರಿನಿಂದ ಹೋಗಿ ಸೇರಿಕೊಂಡೆ. ಅಲ್ಲಿಯ ಮಹಾದ್ವಾರದಲ್ಲಿ ಕೈಮುಗಿದು ನಿಂತ ಒಂದು ಚಿಕ್ಕ ಶಿಲ್ಪವಿದೆ. ಜಕಣಾಚಾರಿ ಇವನೇ ಎಂದು ಊರವರು ತೋರಿಸುತ್ತಾರೆ. ಗುಡಿ ಕಟ್ಟಿಸಿದ ನಾಯಕನಿರಬೇಕು ಎನ್ನುವ ವಿದ್ವಾಂಸರೂ ಇದ್ದಾರೆ. ಪ್ರಶಿಕ್ಷಣಾರ್ಥಿ ಎರಡನ್ನೂ ಮೊದಲು ಹೇಳಲಿಲ್ಲ. ಐದು ನಿಮಿಷ ಸುಮ್ಮನೆ ನೋಡಿ, ಕಂಡದ್ದನ್ನು ಮಾತ್ರ ಬರೆದುಕೊಳ್ಳಿ, ಅಂದುಕೊಂಡದ್ದನ್ನು ಬೇರೆ ಹಾಳೆಯಲ್ಲಿ ಬರೆಯಿರಿ ಎಂದರು.

ಕಲ್ಲು ಕೆಲಸದವರ ಹುಡುಗ ಮೊದಲ ಹಾಳೆಯಲ್ಲಿ ‘ಎರಡು ಕೈ ಇವೆ’ ಎಂದು ಬರೆದ. ಎರಡನೇ ಹಾಳೆಯಲ್ಲಿ ‘ಕೈ ಬಂದ ಮೇಲೆ ಕೆತ್ತಿದ್ದು’ ಎಂದು. ಪಕ್ಕದಲ್ಲಿದ್ದ ಹುಡುಗಿ ಅದನ್ನು ಇಣುಕಿ ನೋಡಿ, ‘ನೀನೇ ಹೇಳ್ದಲ್ಲೋ, ದುಡ್ಡು ಕೊಟ್ಟವರ ಹೆಸರೇ ಹಾಕೋದು ಅಂತ. ಹಂಗಾದ್ರೆ ಬೊಂಬೇನೂ ಅವರದೇ ಇರಬೇಕು’ ಎಂದಳು. ಅವನು ಸ್ವಲ್ಪ ಹೊತ್ತು ಶಿಲ್ಪವನ್ನೇ ನೋಡಿದ. ‘ಇರಬೋದು. ಆದ್ರೆ ಅವರ ಬೊಂಬೇನ ಕೆತ್ತಿದೋನು ಅವರಲ್ವಲ್ಲ’ ಎಂದ. ಕುಣಿಗಲ್ ಬಸ್ಸಿಗೆ ಹೊತ್ತಾಯಿತೆಂದು ದೈಹಿಕ ಶಿಕ್ಷಕರು ಸೀಟಿ ಊದಿದಾಗಲೂ ಅವರಿಬ್ಬರ ಮಾತು ಮುಗಿದಿರಲಿಲ್ಲ.